ಕರೆದರೆ ಬಂದೇಬಿಡುವವರು

ಹರಿಹರದ ಹತ್ತಿರದ ನಮ್ಮೂರು ಸಾರಥಿಯಲ್ಲಿ ಯಾರೇ ಎದುರಾದರೂ ಊಟ ಮಾಡಿಕೊಂಡು ಹೋಗ್ರಿ ಎನ್ನುವುದು ಪದ್ಧತಿ. ಕರೆಯದಿದ್ದರೆ ತಪ್ಪು, ಕರೆದ ತಕ್ಷಣ ಬಂದು ತಟ್ಟೆಯ ಮುಂದೆ ಕೂತರೆ ಇನ್ನೂ ದೊಡ್ಡ ತಪ್ಪು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ತೊಂಬತ್ತೆಂಟರಲ್ಲಿ ದಾವಣಗೆರೆಯಲ್ಲಿ ಬಿ.ಎಸ್ಸಿ. ಸೇರಿ, ಸರಸ್ವತಿ ನಗರದಲ್ಲಿ ರೂಮು ಹಿಡಿದಾಗ ನನ್ನ ಬಾಯಲ್ಲಿದ್ದದ್ದು ಅದೊಂದೇ ಮಾತು. ತರಗತಿಯ ಉಳಿದ ಹುಡುಗಿಯರು ಹೊಸ ಗಾಡಿ, ಕೇಬಲ್ ಟಿ.ವಿ. ಎಂದು ಹರಟುವಾಗ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದೆ. ಏಳುವಾಗ 'ನಮ್ಮೂರಿಗೆ ಬರ್ರಿ' ಎಂದು ಹೇಳಿ ಪಾರಾಗುತ್ತಿದ್ದೆ. ಎಂ.ಸಿ.ಸಿ. ಬಡಾವಣೆಯ ಕೃತಿಕಾಳಿಗಂತೂ ಹತ್ತು ಸಲ ಹೇಳಿರಬೇಕು. ಪಾಠ ತಲೆಗೆ ಹತ್ತುತ್ತಿತ್ತು, ಆದರೆ ಜೊತೆಗೆ ಕೂತು ಚಹಾ ಕುಡಿಯಲು ಒಬ್ಬರೂ ಇರಲಿಲ್ಲ. ಮೂರು ತಿಂಗಳಿಗೆ ಸಾಕುಸಾಕಾಯಿತು.

ಒಂದು ಶನಿವಾರ ಟ್ರಂಕಿನ ಸಮೇತ ಊರಿಗೆ ಬಂದು, ಇನ್ನು ಕಾಲೇಜಿಗೆ ಹೋಗುವುದಿಲ್ಲ ಎಂದೆ. ಅಪ್ಪ ಬೈಯಲಿಲ್ಲ. ಸೋಮವಾರ ತಾನೇ ಹೋಗಿ ಟಿ.ಸಿ. ತರುತ್ತೇನೆ ಎಂದನಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಹನ್ನೊಂದಕ್ಕೆ ಹರಿಹರದ ಟೆಂಪೋದಿಂದ ಕೃತಿಕಾ ಇಳಿದಳು. ಅವಳ ಹಿಂದೆ ಇನ್ನೂ ಐವರು. ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

"ಹತ್ತು ಸಲ ಕರ್ದಿ," ಎಂದಳು ಕೃತಿಕಾ. "ಬರ್ಲಿಲ್ಲ ಅಂದ್ರ ಬ್ಯಾಸರ ಮಾಡ್ಕೊಂತಿ ಅಂತ ಎಲ್ಲಾರ್ನೂ ಕರ್ಕೊಂಡು ಬಂದೆ."

ಅಜ್ಜಿ ಅಕ್ಕನಾಗಮ್ಮ ನನ್ನನ್ನು ಒಳಗೆಳೆದು, ಈ ಹುಡುಗಿಯರಿಗೆ ರೀತಿ ರಿವಾಜು ಗೊತ್ತಿಲ್ಲವೇ ಎಂದು ಪಿಸುಗುಟ್ಟಿದಳು. ಪಿಸುಗುಟ್ಟುತ್ತಲೇ ಜೋಳದ ಹಿಟ್ಟು ನಾದತೊಡಗಿದಳು. ಆರೂ ಜನ ಅಡುಗೆಮನೆಯಲ್ಲೇ ಒಲೆಯ ಸುತ್ತ ಕೂತು, ಅಜ್ಜಿ ಸುಟ್ಟ ಹಾಗೆಲ್ಲ ರೊಟ್ಟಿ ಖಾಲಿ ಮಾಡಿದರು. ಕೃತಿಕಾ ತಾನೂ ತಟ್ಟಲು ಹೋಗಿ ರೊಟ್ಟಿಯನ್ನು ಮೂರು ಹೋಳು ಮಾಡಿ ಬೈಸಿಕೊಂಡಳು, ಬೈದಷ್ಟೂ ನಕ್ಕಳು. ನಾನು ಮಾತಾಡಿದ್ದೇ ಮಾತಾಡಿದ್ದು. ನಡುವೆ ಉಸಿರಾದರೂ ತಗೋ ಎಂದು ಅಜ್ಜಿ ಗದರಬೇಕಾಯಿತು. ಖುಷಿಯಾಗಿತ್ತು, ಮುಚ್ಚಿಡುವುದೇಕೆ?

ಸಂಜೆ ಅವರನ್ನು ಕಳಿಸಲು ಅಪ್ಪನೂ ರಸ್ತೆವರೆಗೆ ಬಂದ. ಟೆಂಪೋ ಹತ್ತುತ್ತ ಕೃತಿಕಾ ತನ್ನ ಮನೆಗೆ ಊಟಕ್ಕೆ ಕರೆದಳು. ಇಂಥದ್ದಕ್ಕೆ ನಮ್ಮೂರಿನವರ ಉತ್ತರ ಸದಾ ಸಿದ್ಧ. ಆಗಲಿ, ಇನ್ನೊಮ್ಮೆ ಬರುತ್ತೇನೆ ಎಂದೆ.

"ಇನ್ನೊಮ್ಮೆ ಅಂದ್ರ ಯಾವಾಗ? ದಿನ ಹೇಳು, ಅಮ್ಮಗ ಹೇಳ್ಬೇಕು."

ನಮ್ಮೂರಲ್ಲಿ ಹೀಗೆ ದಿನ ಕೇಳುವವರೇ ಇಲ್ಲ. ಡ್ರೈವರು ಹಾರ್ನ್ ಹೊಡೆದ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಬುಧವಾರ," ಎಂದೆ.

ಟೆಂಪೋ ತಿರುವು ದಾಟಿತು. ನಾಲ್ಕು ಹೆಜ್ಜೆ ನಡೆದ ಮೇಲೆ ಅಪ್ಪ ಕೇಳಿದ: "ಹಂಗಾರ ನಾಳೆ ನಾ ದಾವಣಗೆರಿಗೆ ಹೋಗೋದು ಬ್ಯಾಡ?"

"ಬ್ಯಾಡಪ್ಪ. ನಾನೇ ಕಾಲೇಜಿಗೆ ಹೋಗ್ತೀನಿ."