ಕುಳಿತೇ ಹೋದ ಕಲ್ಯಾಣಪ್ಪ

ಶ್ರಾವಣ ಸೋಮವಾರ ಲಿಂಗಪೂಜೆ ಮುಗಿಸಿ ಏಳುತ್ತಿದ್ದೆ. ಉದಗೀರಿನಿಂದ ಆಳು ಬಂದು, ತನ್ನ ಮಗಳು ಕಾಂತಾಬಾಯಿಯ ಮನೆಯಲ್ಲಿದ್ದ ನನ್ನ ತಮ್ಮ ಕಲ್ಯಾಣಪ್ಪ ನಸುಕಿನಲ್ಲಿ ಲಿಂಗೈಕ್ಯನಾದನೆಂದು ಹೇಳಿದ. ನಮ್ಮೂರ ಮಠದ ಅಯ್ಯನವರಾದ ರಾಚಯ್ಯನವರನ್ನು ಕರೆತಂದು ಬಂಡಿ ಹೂಡಿಸಿದೆ.

ನಮ್ಮಲ್ಲಿ ತೀರಿದವರನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಅದಕ್ಕೆ ಮೊದಲು ಅಯ್ಯನವರು ತಲೆಯ ಮೇಲೆ ಪಾದವಿಡಬೇಕು. ಹೋದ ತಿಂಗಳು ಕಂಡಾಗ ಕಲ್ಯಾಣಪ್ಪ ಹೊಟ್ಟೆಯ ಗಡ್ಡೆಯ ನೋವಿಗೆ ಮುದ್ದೆಯಾಗಿ ಮಲಗಿದ್ದ. ಹಾಗೆಯೇ ಸೆಟೆದಿದ್ದರೆ ಕಾಲು ಮಡಿಸುವುದು ಹೇಗೆ? ನೋವಿಗೆಂದು ಕುಡಿಯುತ್ತಿದ್ದ ಗಾಂಜಾದ ಅಮಲಿನಲ್ಲಿ ಲಿಂಗ ಮರೆತು ಪ್ರಾಣ ಬಿಟ್ಟಿದ್ದರೆ ರಾಚಯ್ಯನವರು ಪಾದವಿಟ್ಟಾರೆಯೇ?

ಗಾಂಜಾದ ಬಗ್ಗೆ ರಾಚಯ್ಯನವರಿಗೂ ಕಲ್ಯಾಣಪ್ಪನಿಗೂ ವಾದ ಹಳೆಯದು. ಉದಗೀರಿನಲ್ಲಿ ನಿಜಾಮ ಸರಕಾರದ ಪರವಾನಗಿಯ ಗಾಂಜಾ ದುಕಾನು ಇತ್ತು. ಹುಡುಗರು ಕೆಡುತ್ತಾರೆ, ಮುಚ್ಚಿಸಲು ಅರ್ಜಿ ಕೊಡಬೇಕೆಂದು ರಾಚಯ್ಯನವರು ಮಠದಲ್ಲಿ ಹೇಳಿದ್ದರು.

“ಮುಚ್ಚಿದ್ರ ಬ್ಯಾನಿಯವರು ಎಲ್ಲಿಗಿ ಹೋಗಬೇಕ್ರಿ ಅಯ್ಯನೋರ? ಶಿವಗ ಏರಿಸಿದ್ರ ಪ್ರಸಾದ, ಕಲ್ಯಾಣಪ್ಪ ಕುಡದ್ರ ಗುನ್ಹಾ?” ಎಂದಿದ್ದ ನನ್ನ ತಮ್ಮ.

“ಶಿವ ವಿಷಾನೂ ಕುಡದಾನ. ಅದನ್ನೂ ಕುಡೀತಿ ಏನು?”

ಎಲ್ಲರೂ ನಕ್ಕಿದ್ದೆವು. ಈಗ ಬಂಡಿಯಲ್ಲಿ, ಪಾದವಿಡುತ್ತೀರಾ ಎಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಹೋಗಿ ನೋಡಿದರೆ ಕಲ್ಯಾಣಪ್ಪ ಗೋಡೆಗೆ ಒರಗಿ, ಕಾಲು ಮಡಿಸಿ ಕುಳಿತಿದ್ದ. ಎಡ ಅಂಗೈಯಲ್ಲಿ ಲಿಂಗವಿತ್ತು.

“ಯಾರು ಕೂಡ್ಸಿದ್ರವ್ವಾ?” ಎಂದೆ.

“ಯಾರೂ ಇಲ್ರಿ ದೊಡ್ಡಪ್ಪ,” ಎಂದಳು ಕಾಂತಾಬಾಯಿ. “ಹಾಲಿನ್ಯಾಗ ಚೂರು ಗಾಂಜಾ ಕುದಿಸಿ ಕೊಟ್ಟಿನಿ. ನೋವು ಇಳೀತು. ತಾನ ಎದ್ದು ಕುಂತು ವಿಭೂತಿ ಹಚ್ಕೊಂಡ. ‘ಮಂತ್ರ ತಪ್ಪಿದ್ರ ಹೇಳವ್ವ, ಇಲ್ಲಂದ್ರ ಅಯ್ಯನೋರು ನಶಾ ಅಂತಾರ’ ಅಂದ. ಒಂದೂ ತಪ್ಪಲಿಲ್ರಿ. ಪೂಜಿ ಮುಗೀತು, ಹಂಗೇ ಉಸಿರು ನಿಂತಿತ್ರಿ.”

ರಾಚಯ್ಯನವರು ಬಗ್ಗಿ ಕಲ್ಯಾಣಪ್ಪನ ಅಂಗೈಯ ಲಿಂಗವನ್ನು ನೋಡಿದರು.

“ಹಟಮಾರಿ. ಹೋಗೂ ಮುಂದನೂ ವಾದಾ ಬಿಡಲಿಲ್ಲ,” ಎಂದು ಅವನ ತಲೆಯ ಮೇಲೆ ಪಾದವಿಟ್ಟರು. ಮುಂಜಾನೆಯಿಂದ ಅಳದಿದ್ದ ನಾನು ಆಗ ಅತ್ತುಬಿಟ್ಟೆ.

ಸಂಜೆ ಸಮಾಧಿಯಲ್ಲಿ ಅವನನ್ನು ಸುಲಭವಾಗಿ ಕೂಡಿಸಿದೆವು. ಮರಳುವಾಗ ಅರ್ಜಿಯ ಮಾತು ನಾನೇ ಎತ್ತಿದೆ.

“ಬರೀತೀನಿ,” ಎಂದರು ರಾಚಯ್ಯನವರು. “ಹುಡುಗ್ರಿಗಿ ಕೊಡಬ್ಯಾಡ್ರಿ ಅಂತ ಬರೀತೀನಿ. ದುಕಾನು ಮುಚ್ರಿ ಅಂತ ಬರ್ಯಾಂಗಿಲ್ಲ.”

ಪರಶಿವನೇ, ಕಡೆಯ ಗಳಿಗೆಯಲ್ಲಿ ನನ್ನ ತಮ್ಮನ ನೋವು ಇಳಿಸಿದೆ. ಅದೇ ನೆಮ್ಮದಿಯಲ್ಲಿ ಅವನನ್ನು ನಿನ್ನ ಪಾದದ ಬಳಿ ಕುಳ್ಳಿರಿಸಿಕೋ.