ಪ್ರಭುಲಿಂಗಯ್ಯನವರ ಹಳದಿ ಬಣ್ಣ

ಪ್ರಭುಲಿಂಗಯ್ಯನವರು ಪ್ರತಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಹಿಂದಿರುಗಿ ನೋಡುತ್ತಿದ್ದರು. ಕಾಶಿಯ ಗಲ್ಲಿಗಳಲ್ಲಿ ಹಿಂದೆ ನೋಡದೆ ನಡೆಯುವ ಧೈರ್ಯ ಯಾರಿಗೂ ಇಲ್ಲ, ನಿಜ. ಗೂಳಿಯೋ, ರಿಕ್ಷಾವೋ, ರಾಮನಾಮ ಹೇಳುತ್ತ ಧಾವಿಸುವ ಶವಯಾತ್ರೆಯೋ ಯಾವ ಗಳಿಗೆಯಲ್ಲಾದರೂ ಬೆನ್ನ ಹಿಂದೆ ಬಂದು ನಿಂತಿರಬಹುದು. ಆದರೆ ಇವರು ಗೂಳಿಗೆ ಕೈಮುಗಿದು ದಾರಿ ಬಿಡುತ್ತಿದ್ದರು. ಇವರ ಕಣ್ಣು ಹುಡುಕುತ್ತಿದ್ದುದು ಮನುಷ್ಯರನ್ನು. ನಿನ್ನೆ ಕಂಡ ಮುಖ ಇಂದೂ ಕಂಡರೆ ಅವರ ಹುಬ್ಬು ಮೇಲೇರುತ್ತಿತ್ತು. ಮೂರನೆಯ ದಿನವೂ ಕಂಡರೆ ಅವರು ಗಲ್ಲಿಯನ್ನೇ ಬದಲಿಸುತ್ತಿದ್ದರು.

ಗದಗಿನ ಕಡೆಯವರು. ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಉಪಕರಣಗಳನ್ನು ದುರಸ್ತಿ ಮಾಡುವ ಕೆಲಸ, ಭೇಲೂಪುರದಲ್ಲಿ ಬಾಡಿಗೆ ಮನೆ. ಬೇಸಿಗೆಯಲ್ಲೂ ಬಿಚ್ಚದ ಒಂದು ಖಾಕಿ ಕೋಟು ಅವರಿಗಿತ್ತು. ಅದಕ್ಕೆ ಏಳು ಜೇಬು: ಐದನ್ನು ದರ್ಜಿ ಹೊಲಿದಿದ್ದ, ಉಳಿದೆರಡನ್ನು, ದರ್ಜಿಗೆ ಎಲ್ಲ ಜೇಬುಗಳ ಗುಟ್ಟು ತಿಳಿಯಬಾರದೆಂದು, ಅವರೇ ಹೊಲಿದುಕೊಂಡಿದ್ದರು. ಜಂಗಮವಾಡಿ ಮಠದ ಪ್ರಸಾದದ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಎರಡು ತುತ್ತು ನುಂಗಿ ಸುಖವಾಗಿರುವುದನ್ನು ನೋಡಿದ ಮೇಲೆಯೇ ಎಲೆಗೆ ಕೈ ಹಾಕುತ್ತಿದ್ದರು. ಆಮೇಲೆ ಎರಡು ಪಟ್ಟು ಉಣ್ಣುತ್ತಿದ್ದರು. ಯಾವ ಸುದ್ದಿ ಹೇಳಿದರೂ ‘ಖರೇ ಅಂತೀರೇನು?’ ಎಂಬುದೇ ಅವರ ಮೊದಲ ಮಾತು. ಬೆಳಗಾಯಿತೆಂದರೂ ಅದೇ ಮಾತು.

ಇಂಥ ಮನುಷ್ಯನಿಗೆ ಬಯಲಿನಲ್ಲಿ ಹತ್ತು ಜನರೆದುರು ಆಡುವ ಒಂದು ಆಟದ ಹುಚ್ಚು ಹೇಗೆ ಹಿಡಿಯಿತೋ ಕಾಣೆ. ಮೊಣಕೈ ಉದ್ದದ, ದಪ್ಪ ಗಾಲಿಗಳ, ಕೈಯಲ್ಲಿನ ಟ್ರಾನ್ಸ್‌ಮಿಟರಿನಿಂದ ರೇಡಿಯೊ ಮೂಲಕ ನಡೆಸುವ ಬಗ್ಗಿ ಕಾರುಗಳ ಪಂದ್ಯ ಅದು. ಚಳಿಗಾಲದಲ್ಲಿ ಗಂಗೆ ಇಳಿದು ರಾಮನಗರದ ದಿಕ್ಕಿಗೆ ಮೈಲುಗಟ್ಟಲೆ ಮರಳು ತೆರೆದುಕೊಂಡಾಗ, ಭಾನುವಾರ ಬೆಳಿಗ್ಗೆ ನಾವು ಏಳೆಂಟು ಮಂದಿ ರಾಮಚಂದ್ರ ಎಂಬ ಅಂಬಿಗನ ದೋಣಿಯಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದೆವು. ಮಣ್ಣಿನ ಚಹಾ ಕುಡಿಕೆಗಳನ್ನು ಸಾಲಾಗಿ ಬೋರಲಿಟ್ಟು ಓಟದ ದಾರಿ ಗುರುತಿಸುತ್ತಿದ್ದೆವು. ದೋಣಿಯ ಹಲಗೆಯನ್ನು ಓರೆಯಾಗಿಟ್ಟರೆ ಕಾರುಗಳು ಹಾರುವ ದಿಬ್ಬ. ಕ್ಲಬ್ಬನ್ನು ಕಟ್ಟಿದವರು ಪ್ರಭುಲಿಂಗಯ್ಯನವರೇ. ಅದರ ನಿಯಮಗಳನ್ನು ಬರೆದವರೂ ಅವರೇ, ಮುರಿಯುವವರು ಯಾರಿರಬಹುದೆಂದು ಮೊದಲೇ ಊಹಿಸಿಟ್ಟವರೂ ಅವರೇ.

ಆ ನಿಯಮಗಳಲ್ಲಿ ಪರಮಪವಿತ್ರವಾದದ್ದು ಬಣ್ಣದ ನಿಯಮ. ಪ್ರತಿ ಟ್ರಾನ್ಸ್‌ಮಿಟರಿನಲ್ಲೂ ಹುಣಿಸೆಬೀಜದಷ್ಟು ದೊಡ್ಡ ಒಂದು ಕ್ರಿಸ್ಟಲ್ ಇರುತ್ತದೆ. ಅದು ಯಾವ ತರಂಗದಲ್ಲಿ ಮಾತಾಡುತ್ತದೆಂಬುದಕ್ಕೆ ಒಂದೊಂದು ಬಣ್ಣ. ಒಂದೇ ಬಣ್ಣದ ಎರಡು ಏಕಕಾಲಕ್ಕೆ ಚಾಲೂ ಆದರೆ, ಇಬ್ಬರು ಯಜಮಾನರ ಅಪ್ಪಣೆ ಕೇಳಿದ ಆಳಿನಂತೆ ಕಾರು ದಿಕ್ಕುತಪ್ಪುತ್ತದೆ. ಆದ್ದರಿಂದ ಒಂದು ಹಲಗೆಗೆ ಬಟ್ಟೆ ಒಣಹಾಕುವ ಬಣ್ಣದ ಕ್ಲಿಪ್ಪುಗಳನ್ನು ಸಿಕ್ಕಿಸಿ, ತನ್ನ ಬಣ್ಣದ ಕ್ಲಿಪ್ಪನ್ನು ಕೈಗೆ ಪಡೆಯದೆ ಯಾರೂ ಸ್ವಿಚ್ ಒತ್ತಕೂಡದೆಂದು ಅವರು ಶಾಸನ ಮಾಡಿದ್ದರು. ಅವರದು ಹಳದಿ. ನನ್ನದು ಕೆಂಪು.

ಆ ಹಲಗೆಯ ಕಾವಲು ನನ್ನದಾಗಿತ್ತು. ನಾನು ಆಗ ಮಠದಲ್ಲಿ ತಾಳೆಗರಿ ಗ್ರಂಥಗಳ ಪಟ್ಟಿ ಮಾಡುವ ಕೆಲಸದಲ್ಲಿದ್ದೆ. ಸಿಂಗಪುರದ ಭಾವಮೈದುನ ಕಳಿಸಿದ ಒಂದು ಕಾರಿನ ದೆಸೆಯಿಂದ ಕ್ಲಬ್ಬಿಗೆ ಸೇರಿದವನು. ಮೊದಲ ವರ್ಷ ಒಂದು ಪಂದ್ಯದಲ್ಲಿ ನನ್ನ ಕಾರು ಕುಡಿಕೆಯೊಂದರ ಒಳಬದಿಯಿಂದ ಹಾದದ್ದನ್ನು, ಯಾರೂ ನೋಡದಿದ್ದರೂ, ನಾನೇ ಹೇಳಿ ಗೆಲುವನ್ನು ಬಿಟ್ಟುಕೊಟ್ಟೆ. ಪ್ರಭುಲಿಂಗಯ್ಯನವರು ನನ್ನನ್ನು ಬಹಳ ಹೊತ್ತು ನೋಡಿ, ‘ಪಂಡಿತ್ರ, ಇನ್ನ ಮ್ಯಾಲೆ ಹಲಗಿ ನಿಮ್ಮ ಕೈಯಾಗಿರಲಿ’ ಎಂದರು. ಅಂದಿನಿಂದ ಅವರು ಜಗತ್ತಿನಲ್ಲಿ ಒಬ್ಬನನ್ನು ನಂಬಿದರು.

ಅವರ ಸಂಶಯದ ಮುಖ್ಯ ಪಾತ್ರವೆಂದರೆ ಡಾಕ್ಟರ್ ಪದ್ಮನಾಭ. ಮೈಸೂರಿನವರು, ಅರಿವಳಿಕೆ ತಜ್ಞರು, ಮಿತಭಾಷಿ, ಪ್ರಭುಲಿಂಗಯ್ಯನವರ ನೆರೆಮನೆಯವರು. ಡಾಕ್ಟರ ಬಗ್ಗಿ ಜಪಾನಿನಿಂದ ಪೆಟ್ಟಿಗೆಯಲ್ಲಿ ಬಂದದ್ದು. ಪ್ರಭುಲಿಂಗಯ್ಯನವರದು ಎರಡು ವರ್ಷ ಕೂತು, ಕೆಟ್ಟ ಉಪಕರಣಗಳ ಹಲ್ಲುಚಕ್ರ, ಬಾಲ್‌ಪೆನ್ನಿನ ಸ್ಪ್ರಿಂಗು, ಸೈಕಲ್ ಟೈರಿನ ರಬ್ಬರುಗಳಿಂದ ಕೈಯಾರೆ ಕಟ್ಟಿದ್ದು. ಆದರೂ ಇಬ್ಬರೂ ಸಮಸಮ. ‘ಮನುಷ್ಯರನ್ನ ಮಲಗಿಸೋ ಧಂದೇದಾಂವ, ನಮ್ಮ ಗಾಡಿ ಮಲಗಿಸಲಿಕ್ಕೆ ಎಷ್ಟೊತ್ತು?’ ಎಂದು ಅವರು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಡಾಕ್ಟರಿಗೆ ಇದು ಗೊತ್ತಿತ್ತು, ನಗುತ್ತಿದ್ದರು. ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಬಿಡಿ’ ಎನ್ನುತ್ತಿದ್ದರು.

ಸಾವಿರದ ಒಂಬೈನೂರ ತೊಂಬತ್ತೆರಡರ ಮಾರ್ಚ್, ಆ ಋತುವಿನ ಕೊನೆಯ ಪಂದ್ಯ. ಹನ್ನೆರಡು ಸುತ್ತು. ಹತ್ತನೆಯ ಸುತ್ತಿಗೆ ಪ್ರಭುಲಿಂಗಯ್ಯನವರ ಬಗ್ಗಿ ಒಂದು ಮಾರು ಮುಂದಿತ್ತು. ಕೋಟಿನ ತುದಿ ಗಾಳಿಗೆ ಹಾರುತ್ತಿದ್ದರೂ ಅವರ ಮೈ ಅಲುಗುತ್ತಿರಲಿಲ್ಲ, ಹೆಬ್ಬೆರಳುಗಳು ಮಾತ್ರ ವೀಣೆ ಮಿಡಿದಂತೆ ಆಡುತ್ತಿದ್ದವು. ಅವರು ಹಿಂದಿರುಗಿ ನೋಡದೆ ನಿಂತದ್ದನ್ನು ನಾನು ಕಂಡದ್ದು ಆ ಕ್ಷಣಗಳಲ್ಲಿ ಮಾತ್ರ. ನಾನು ಹಲಗೆಯ ಪಕ್ಕದಲ್ಲಿದ್ದೆ. ನನ್ನ ಚೀಲದಲ್ಲಿ, ಪಂದ್ಯ ಮುಗಿದ ಮೇಲೆ ಅವರಿಗೆ ತೋರಿಸೋಣವೆಂದು ತಂದ ಹೊಸ ಟ್ರಾನ್ಸ್‌ಮಿಟರ್ ಇತ್ತು, ಭಾವಮೈದುನ ಅದೇ ವಾರ ಕಳಿಸಿದ್ದು. ಬ್ಯಾಟರಿ ಎಷ್ಟಿದೆಯೆಂದು ಮುಳ್ಳು ನೋಡಲು, ಚೀಲದೊಳಗೇ ಕೈಯಿಟ್ಟು ಸ್ವಿಚ್ ಒತ್ತಿದೆ. ಹತ್ತು ಸೆಕೆಂಡು ಇರಬಹುದು.

ಅದರ ಕ್ರಿಸ್ಟಲ್ ಹಳದಿಯದು.

ನೀರಿನ ಬದಿಯ ತಿರುವಿನಲ್ಲಿ ಬಗ್ಗಿ ಒಮ್ಮೆ ನಡುಗಿತು, ತಿರುಗಬೇಕಾದಲ್ಲಿ ತಿರುಗಲಿಲ್ಲ. ಕುಡಿಕೆಗಳನ್ನು ಚದುರಿಸಿ, ಮರಳಿನ ಅಂಚು ಕಡಿದು ಬಿದ್ದಿದ್ದ ಜಾಗದಿಂದ ಪೂರ್ಣ ವೇಗದಲ್ಲಿ ಗಂಗೆಗೆ ಹಾರಿತು. ರಾಮಚಂದ್ರ ಮೂರು ಸಲ ಮುಳುಗಿ ಬರಿಗೈಯಲ್ಲಿ ಎದ್ದ. ‘ಗಂಗಾ ಮೈಯಾ ಲೇ ಲಿಹಲೀ, ಬಾಬೂ’ ಎಂದು ಕೈಮುಗಿದ. ಗಂಗಾಮಾಯಿ ಇಟ್ಟುಕೊಂಡಳು.

‘ಯಾರೂ ಅಲ್ಲಾಡಬ್ಯಾಡ್ರಿ!’

ಪ್ರಭುಲಿಂಗಯ್ಯನವರ ಧ್ವನಿ ಒಡೆದಿತ್ತು. ಇನ್ನೊಂದು ಹಳದಿ ಕ್ರಿಸ್ಟಲ್ ಹುಡುಕುತ್ತ ನೇರವಾಗಿ ಡಾಕ್ಟರ ಚೀಲಕ್ಕೆ ಹೋದರು. ಟವೆಲು, ಸ್ಕ್ರೂಡ್ರೈವರು, ದಿನಪತ್ರಿಕೆ ಒಂದೊಂದಾಗಿ ಮರಳಿಗೆ ಬಿದ್ದವು. ಡಾಕ್ಟರ ಹೆಂಡತಿ ವಸುಮತಿ ಕಟ್ಟಿಕೊಟ್ಟಿದ್ದ ಊಟದ ಡಬ್ಬಿ ತೆಗೆದು ಚಿತ್ರಾನ್ನದೊಳಗೆ ಬೆರಳಾಡಿಸಿ ನೋಡಿದರು. ಡಾಕ್ಟರು ಕೈಕಟ್ಟಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. ಏನೂ ಸಿಗಲಿಲ್ಲ. ‘ಇಲ್ಲಂದ್ರ ನೀರಿಗೆ ಒಗದಾನ’ ಎಂದು ತೀರ್ಪು ಕೊಟ್ಟು, ಉಳಿದವರ ಚೀಲಗಳನ್ನೂ ಶೋಧಿಸುತ್ತ ನನ್ನ ಬಳಿ ಬಂದರು.

‘ಪಂಡಿತ್ರದು ಬ್ಯಾಡ’ ಎಂದು ಮುಂದೆ ನಡೆದರು.

ನಾನು ಸುಮ್ಮನಿದ್ದೆ. ನಾನು ಸ್ವಿಚ್ ಒತ್ತಿದ್ದು ಅಜಾಗರೂಕತೆಯಿಂದಲೇ. ಕ್ರಿಸ್ಟಲಿನ ಬಣ್ಣ ನೋಡಿರಲಿಲ್ಲವೆಂದೇ ನನ್ನ ನೆನಪು. ಆದರೆ ಆ ಪೆಟ್ಟಿಗೆಯನ್ನು ಮನೆಯಲ್ಲಿ ಎರಡು ಸಲ ಬಿಚ್ಚಿ ನೋಡಿದವನು ಬಣ್ಣವೊಂದನ್ನೇ ನೋಡದಿರಲು ಸಾಧ್ಯವೇ? ಅವರ ರೋಗ ನನಗೆ ಅಂಟಿದ್ದು ಹೀಗೆ: ಅಂದಿನಿಂದ ನನಗೆ ನನ್ನ ಮೇಲೆಯೇ ಸಂಶಯ.

ಡಾಕ್ಟರು ಮತ್ತೆ ಮರಳಿಗೆ ಬರಲಿಲ್ಲ. ಎರಡು ಮನೆಗಳ ನಡುವಿನ ಮಹಡಿಯ ಬಾಗಿಲಿಗೆ ಚಿಲಕ ಬಿತ್ತು. ಮೇ ತಿಂಗಳಲ್ಲಿ ಪ್ರಭುಲಿಂಗಯ್ಯನವರ ಹೆಂಡತಿ ಶಿವಗಂಗಮ್ಮ ಮಠಕ್ಕೆ ಬಂದವರು ನನ್ನನ್ನು ಕಂಡು ನಿಂತರು. ‘ವಸುಮತಿ ನನ್ನ ಕೂಡ ಮಾತಾಡವಲ್ಲಳ್ರಿ. ಮಕ್ಕಳು ಹಿಂದಿ ಮಾತಾಡ್ತಾವ, ಇವರು ಮಾತೇ ಆಡೂದಿಲ್ಲ. ನನಗ ಕನ್ನಡ ಅಂದ್ರ ಆಕಿ ಒಬ್ಬಾಕಿನ ಇದ್ಲು’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದೇ ಮಧ್ಯಾಹ್ನ ಆ ಹಳದಿ ಕ್ರಿಸ್ಟಲನ್ನು ಹಿಡಿದು ಭೇಲೂಪುರಕ್ಕೆ ಹೋದೆ. ಪ್ರಭುಲಿಂಗಯ್ಯನವರು ನೆಲದ ಮೇಲೆ ಕೂತು ಹೊಸ ಬಗ್ಗಿಯ ತಳಕ್ಕೆ ಅಲ್ಯೂಮಿನಿಯಂ ತಗಡನ್ನು ಅರದಿಂದ ಉಜ್ಜುತ್ತಿದ್ದರು.

‘ಅವತ್ತು ಸ್ವಿಚ್ ಹಾಕಿದ್ದು ನಾನು. ಡಾಕ್ಟರದು ಏನೂ ತಪ್ಪಿಲ್ಲ’ ಎಂದೆ.

ಅರ ನಿಂತಿತು. ಅವರು ನನ್ನ ಅಂಗೈ ನೋಡಿದರು, ಮುಖ ನೋಡಿದರು. ಆಮೇಲೆ, ಜ್ವರದ ಮಗುವನ್ನು ನೋಡುವಂತೆ ಮೃದುವಾಗಿ ನಕ್ಕರು.

‘ಡಾಕ್ಟರ್ ಹೇಳಿ ಕಳಿಸ್ಯಾನ, ಹೌದಲ್ಲ?’

‘ಇಲ್ಲ, ಶಿವನಾಣೆ. ನನ್ನ ಚೀಲದಲ್ಲೇ ಇತ್ತು.’

‘ನಿಮ್ಮ ಮನಸ್ಸು ಮೆತ್ತಗಿನದು, ಪಂಡಿತ್ರ. ಮಂದಿ ಅದನ್ನ ಬಳಸ್ಕೋತಾರ. ಮತ್ತೊಬ್ಬರ ತಪ್ಪು ತಲಿಮ್ಯಾಲೆ ಹೊತ್ಕೋಬ್ಯಾಡ್ರಿ.’ ಕ್ರಿಸ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು. ‘ಇರ್ಲಿ. ಪುರಾವೆ ಸಿಕ್ತಲಾ.’ ಒಂದು ಚೀಟಿಯಲ್ಲಿ ಅದನ್ನು ಸುತ್ತಿ, ಮೇಲೆ ತಾರೀಖನ್ನೂ ಡಾಕ್ಟರ ಹೆಸರನ್ನೂ ಬರೆದು ಕೋಟಿನ ಒಳಜೇಬಿಗೆ ಸೇರಿಸಿದರು.

ಬಾಗಿಲಲ್ಲಿ ನಿಂತಿದ್ದ ಶಿವಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ‘ನೀವು ಖರೇ ಹೇಳಾಕತ್ತೀರೇನು?’ ಎಂದರು. ಹೌದೆಂದೆ. ‘ಹಂಗಾರ ನನ್ನ ಕೂಡ ಬರ್ರಿ.’ ಗಂಡನೆದುರೇ ನನ್ನನ್ನು ಪಕ್ಕದ ಮನೆಗೆ ಕರೆದೊಯ್ದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ಅವರನ್ನು ಕೇಳದೆ ಹೊಸಿಲು ದಾಟಿದ್ದು ಅದೇ ಮೊದಲಂತೆ.

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ‘ಅವರು ನನ್ನ ಚೀಲ ತೆಗೆದಾಗ ಅಷ್ಟು ಬೇಜಾರಾಗಲಿಲ್ಲ ಕಣ್ರೀ, ಅವರ ಸ್ವಭಾವ ಗೊತ್ತಿತ್ತು’ ಎಂದರು. ‘ನಿಮ್ಮ ಚೀಲ ಬಿಟ್ಟು ಮುಂದೆ ಹೋದಾಗ್ಲೂ ನೀವು ಸುಮ್ನೆ ನಿಂತಿದ್ರಲ್ಲ, ಬೇಜಾರು ಅದಕ್ಕೆ.’ ಎದ್ದು ಒಳಗೆ ಹೋದರು. ವಸುಮತಿ ಮಾತ್ರ ಶಿವಗಂಗಮ್ಮನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡರು. ಮಹಡಿಯ ಚಿಲಕ ಆ ಸಂಜೆಯೇ ತೆಗೆಯಿತು. ಗಂಡಸರ ಚಿಲಕ ಕೊನೆಯವರೆಗೂ ತೆಗೆಯಲಿಲ್ಲ.

ಮುಂದಿನ ಚಳಿಗಾಲ ಪ್ರಭುಲಿಂಗಯ್ಯನವರು ಹೊಸ ಬಗ್ಗಿಯೊಂದಿಗೆ ಮರಳಿಗೆ ಬಂದು ಹಲಗೆಯನ್ನು ಮತ್ತೆ ನನ್ನ ಮುಂದೆ ಹಿಡಿದರು. ನಾನು ಬೇಡವೆಂದೆ. ‘ಹಂಗಾರ ನಾ ಯಾರನ್ನ ನಂಬಲಿ?’ ಎಂದು ಕೇಳಿದಾಗ ಆ ಕಣ್ಣುಗಳಲ್ಲಿ ಕಂಡದ್ದು ಅಪ್ಪಟ ಭಯ. ಹಲಗೆ ಹಿಡಿದುಕೊಂಡೆ. ಅವರು ನಿವೃತ್ತರಾಗಿ ಗದಗಿಗೆ ಹೊರಡುವವರೆಗೂ, ಮೂರು ಚಳಿಗಾಲ, ಕ್ಲಿಪ್ಪುಗಳನ್ನು ಎಣಿಸುತ್ತ ನಿಂತೆ.

ಸಂಶಯವಂತರನ್ನು ನಾವು ನಂಬಿಕೆಯಿಲ್ಲದವರೆಂದು ತಿಳಿಯುತ್ತೇವೆ. ಅವರಲ್ಲಿ ನಂಬಿಕೆ ನಮ್ಮಷ್ಟೇ ಇರುತ್ತದೆ. ನಾವು ಹಾಲಿನವನಿಂದ ಹಿಡಿದು ದೇವರವರೆಗೆ ನೂರು ಕಡೆ ಹಂಚಿಬಿಡುವ ಅದನ್ನು ಅವರು ಎಲ್ಲಿಯೂ ಚೆಲ್ಲದೆ ಕೂಡಿಟ್ಟು, ಒಮ್ಮೆಗೇ ಒಬ್ಬನ ತಲೆಯ ಮೇಲೆ ಹೇರುತ್ತಾರೆ. ಅವನೂ ಸುಳ್ಳಾದರೆ ಕಾಲೂರಲು ನೆಲವಿಲ್ಲವೆಂದು ಅವನೊಬ್ಬನನ್ನು ಪರೀಕ್ಷಿಸದೆ ಬಿಡುತ್ತಾರೆ. ಅವರು ಸಂಶಯಿಸಿದವರಿಗೆ ಸಿಟ್ಟುಮಾಡಿಕೊಂಡು ಮನೆಗೆ ಹೋಗುವ ಸ್ವಾತಂತ್ರ್ಯವಾದರೂ ಇರುತ್ತದೆ. ಅವರು ನಂಬಿದವನಿಗೆ ತಪ್ಪಿತಸ್ಥನಾಗುವ ಹಕ್ಕೂ ಉಳಿಯುವುದಿಲ್ಲ.