ಕೀರ್ತನನ ಕೊರಳಿನ ಗಂಟು

ಸಂಪಾಜೆ ಘಾಟಿಯಲ್ಲಿ ಲಾರಿ ಚರಂಡಿಗೆ ಜಾರಿದರೆ ಅರಂತೋಡಿನಿಂದ ಕ್ರೇನ್ ತಂದು ಮೇಲೆತ್ತುತ್ತಿದ್ದವನು ಕೀರ್ತನ್. ಮೂವತ್ತಾರರ ಗಟ್ಟಿ ಆಳು. ಅವನ ಕೊರಳಿನ ಎಡಬದಿಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಗಂಟನ್ನು ಮೊದಲು ಕಂಡವಳು ಹೆಂಡತಿ ಭವಿತಾ.

"ಇದೆಂತದು?"

"ನೋವೇ ಇಲ್ಲ ಮಾರಾಯ್ತಿ. ನೋವಿಲ್ಲದ್ದಕ್ಕೆ ಡಾಕ್ಟ್ರ ಹತ್ರ ಹೋಗುದಾ?"

ನೋವಿಲ್ಲದ್ದೇ ಕೆಡುಕಾಯಿತು. ಸಂಜೆಯಾದರೆ ಸಣ್ಣ ಜ್ವರ ಬರತೊಡಗಿತು. ಮಲಗಿದರೆ ಮೈ ಬೆವರಿ, ಬೆಳಿಗ್ಗೆ ಭವಿತಾ ಹಾಸಿಗೆಯ ಬಟ್ಟೆ ಹಿಂಡಿ ಒಣಹಾಕಬೇಕಿತ್ತು. ಊಟ ಮೊದಲಿನಷ್ಟೇ ಇದ್ದರೂ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಸುಳ್ಯದಲ್ಲಿ ತೋರಿಸಿದಾಗ ಕ್ಷಯವಿರಬಹುದೆಂದು ಮಾತ್ರೆ ಬರೆದುಕೊಟ್ಟರು. ಗುಣವಾಗುವ ಕಾಯಿಲೆಯೇ ಎಂದು ಇಬ್ಬರೂ ನಿರಾಳರಾದರು. ಮಳೆಗಾಲ ಮುಗಿಯುವಷ್ಟರಲ್ಲಿ ಕಂಕುಳಲ್ಲೂ ಗಂಟುಗಳೆದ್ದವು.

ಪುತ್ತೂರಿನ ಡಾಕ್ಟರ್ ಶಹನಾ ಒಂದು ಗಂಟನ್ನು ಪೂರ್ತಿ ತೆಗೆಸಿ ಪರೀಕ್ಷೆಗೆ ಕಳಿಸಿದರು. ವಾರ ಕಳೆದು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಲಿಂಫೋಮಾ. ದುಗ್ಧರಸದ ಗ್ರಂಥಿಗಳ ಕ್ಯಾನ್ಸರ್. ರೋಗದ ವಿರುದ್ಧ ಹೋರಾಡ್ಬೇಕಾದ ಬಿಳಿ ರಕ್ತಕಣಗಳೇ ಹದ ತಪ್ಪಿ ಬೆಳೆಯುದು. ಮುಖ್ಯವಾಗಿ ಎರಡು ಬಗೆ ಉಂಟು. ಹಾಡ್ಜ್‌ಕಿನ್ ಆದ್ರೆ ಹೆಚ್ಚಿನವರಿಗೆ ಗುಣ ಆಗ್ತದೆ. ನಾನ್‌ಹಾಡ್ಜ್‌ಕಿನ್ ಆದ್ರೆ ಅದರೊಳಗೆ ಹತ್ತಾರು ಇವೆ. ಕೆಲವು ವರ್ಷಗಟ್ಟಲೆ ಸುಮ್ಮನಿರ್ತವೆ, ಕೆಲವು ಓಡ್ತವೆ. ನಿಮ್ಮದು ಯಾವುದು ಅಂತ ಇನ್ನೊಂದು ಪರೀಕ್ಷೆಯಲ್ಲಿ ಗೊತ್ತಾಗ್ಬೇಕು."

ಆ ನಡುವೆ ಯಾರೋ ಕಡಬದ ಶ್ರೀಶನ ಹೆಸರು ಹೇಳಿದರು. ಅಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವನು, ಲಿಂಫೋಮಾ ಗೆದ್ದವನು. ಇಬ್ಬರೂ ಹುಡುಕಿಕೊಂಡು ಹೋದರು. ಶ್ರೀಶ ಅಂಗಿಯ ಕಾಲರು ಸರಿಸಿ ಹಳೆಯ ಗಾಯದ ಗುರುತು ತೋರಿಸಿದ.

"ನನ್ನ ಕೂದಲೆಲ್ಲ ಉದುರಿತ್ತು. ಈಗ ನೋಡಿ, ತಿಂಗಳಿಗೊಮ್ಮೆ ಕ್ಷೌರಕ್ಕೆ ಹೋಗ್ಬೇಕು. ಹೆದರ್ಬೇಡಿ ಮಾರಾಯ್ರೆ, ನಿಮಗೂ ಹೋಗ್ತದೆ."

ಹಿಂದಿರುಗುವ ದಾರಿಯಲ್ಲಿ ಕೀರ್ತನ್ ಬಹಳ ದಿನಗಳ ನಂತರ ಹಸಿವಾಗುತ್ತಿದೆ ಎಂದ. ಹೋಟೆಲಿನಲ್ಲಿ ಎರಡು ಪ್ಲೇಟು ನೀರುದೋಸೆ ತಿಂದ. ಭವಿತಾ ತನ್ನ ತಟ್ಟೆಯದನ್ನೂ ಅವನತ್ತ ನೂಕಿದಳು.

ಫಲಿತಾಂಶ ಬಂದಾಗ ಕೀರ್ತನನದು ಶ್ರೀಶನಿಗಿದ್ದ ಹಾಡ್ಜ್‌ಕಿನ್ ಆಗಿರಲಿಲ್ಲ. ಟಿ ಎಂಬ ಬಿಳಿ ರಕ್ತಕಣಗಳಿಂದ ಹುಟ್ಟುವ, ಓಡುವ ಜಾತಿಯದು. ಮಂಗಳೂರಿನಲ್ಲಿ ಕೀಮೋ ಶುರುವಾಯಿತು. ಎರಡನೆಯ ಸುತ್ತಿನಲ್ಲೇ ಗಂಟುಗಳು ಕರಗಿ, ಕೊರಳು ಮೊದಲಿನಂತಾಯಿತು. ಕೀರ್ತನ್ ತಾನೇ ಶ್ರೀಶನಿಗೆ ಫೋನ್ ಮಾಡಿ ಹೇಳಿದ. ಐದನೆಯ ಸುತ್ತಿಗೆ ಹೊರಡುವ ಹೊತ್ತಿಗೆ ಜ್ವರ ಮರಳಿತು, ಅದರ ಬೆನ್ನಿಗೆ ಗಂಟುಗಳೂ. ಬೇರೆ ಔಷಧಿ ಹಾಕಿದರು. ಅದೂ ಹಿಡಿಯಲಿಲ್ಲ. ಕೊನೆಗೆ ಮಂಗಳೂರಿನ ಡಾಕ್ಟರು ಭವಿತಾಳನ್ನು ಹೊರಗೆ ಕರೆದು, ಇನ್ನು ಮಾಡುವಂಥದ್ದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ; ನೋವಾಗದಂತೆ ಮದ್ದು ಕೊಡುತ್ತೇವೆ ಎಂದರು.

ಸುದ್ದಿ ತಿಳಿದ ಶ್ರೀಶ ಅರಂತೋಡಿಗೆ ಬಂದ. ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತ. ಕೀರ್ತನ್ ಅವನ ತಲೆಗೂದಲನ್ನೇ ನೋಡುತ್ತಿದ್ದ.

"ನೀವು ಎಂತ ಮಾಡಿದ್ದು?" ಎಂದು ಕೇಳಿದ.

"ಎಂತದ್ದು?"

"ಗುಣ ಆಗ್ಲಿಕ್ಕೆ. ನಾನು ಮಾಡದ್ದು ನೀವು ಎಂತ ಮಾಡಿದ್ದು?"

ಶ್ರೀಶನ ಕಣ್ಣು ತುಂಬಿತು. "ನಾನು ಎಂತದೂ ಮಾಡ್ಲಿಲ್ಲ ಕೀರ್ತನ್. ಅವರು ಕೊಟ್ಟ ಮದ್ದು ತಕೊಂಡೆ, ಅಷ್ಟೇ. ನೀವು ತಕೊಂಡ ಹಾಗೆಯೇ."

"ಹಾಗಾದ್ರೆ ಇನ್ನು ಬರ್ಬೇಡಿ," ಎಂದು ಕೀರ್ತನ್ ಗೋಡೆಯ ಕಡೆ ಹೊರಳಿದ. ಭವಿತಾ ಅಂಗಳದವರೆಗೆ ಹೋಗಿ ಶ್ರೀಶನಿಗೆ ಕೈಮುಗಿದಳು. ಅವನು ತಲೆಯೆತ್ತದೆ ಬೈಕು ಹತ್ತಿದ.

ಮೇ ಕೊನೆಯಲ್ಲಿ, ಪತ್ತನಾಜೆಯ ಹಬ್ಬ ಕಳೆದು ವಾರಕ್ಕೆ ಕೀರ್ತನ್ ತೀರಿಕೊಂಡ. ಉತ್ತರಕ್ರಿಯೆಯ ದಿನ ಗುತ್ತಿಗಾರಿನಿಂದ ಬಂದಿದ್ದ ಕೀರ್ತನನ ದೊಡ್ಡತ್ತೆ ಸೇವಂತಿ, ಭವಿತಾಳ ಬೆನ್ನು ಸವರುತ್ತಾ ಅತ್ತಳು.

"ಕಡಬದ ಅವನಿಗೆ ಗುಣ ಆಯ್ತಂತೆ. ಇವನನ್ನು ಸ್ವಲ್ಪ ಬೇಗ ಕರ್ಕೊಂಡು ಹೋಗಿದ್ರೆ... ಅದೇ ಕಾಯಿಲೆ ಅಲ್ವಾ ಮಗಾ?"

ಎರಡು ಬಗೆ ಉಂಟು ಎನ್ನಲು ಭವಿತಾ ಬಾಯಿ ತೆರೆದಳು. ಬೇಗ ಹೋಗಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರ್ ಶಹನಾರನ್ನು ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ, ಇನ್ನು ಬರುವಂತೆಯೂ ಇರಲಿಲ್ಲ.

"ಹೌದು," ಎಂದಳು. ಎದ್ದು, ಎಲೆಯ ಮುಂದೆ ಕೂತವರಿಗೆ ಅನ್ನ ಬಡಿಸಲು ಹೋದಳು.